ಕುಂಡದಲ್ಲಿ ಹುಲ್ಲಿನ ಸಸಿಗೆ ನೀರು ಬಿಗಿ ಹಿಡಿದರೆ ಮಸಾರಿಯಲ್ಲಿ ಬದುಕಿದ್ದು ಎರೆಯಲ್ಲಿ ಯಾಕೆ ಸಾಯುತ್ತದೆ?

ಗೋಮಾಳ_ಕೊಪ್ಪಳ:

ಎಲ್ಲರಿಗೂ ನಮಸ್ಕಾರ. ಕೊಪ್ಪಳ ತಾಲ್ಲೂಕಿನ ಒಂದು ಗೋಮಾಳದಲ್ಲಿ ಹುಲ್ಲು ಎಬ್ಬಿಸಬೇಕಿದೆ. ಅದಕ್ಕೂ ಮೊದಲು ಯಾವ ಹುಲ್ಲಿನ ಸಸಿ ನೀರಿನ ಕೊರತೆಯನ್ನು ಎಷ್ಟು ತಾಳುತ್ತದೆ ಎಂದು ಕುಂಡದಲ್ಲಿ ನೋಡುತ್ತಿದ್ದೇವೆ. ವಿಧಾನವನ್ನು ಎತ್ತರದ ಪರ್ವತ ಹುಲ್ಲುಗಳ ಅಧ್ಯಯನಗಳಿಂದ ಎತ್ತಿಕೊಂಡಿದ್ದೇವೆ. ಪೋವಾ, ಫೆಸ್ಟುಕ, ಎಲಿಮಸ್ ಸಸಿಗಳಿಗೆ ಮಾಡುವ ಹಾಗೆ ಫೀಲ್ಡ್ ಕೆಪಾಸಿಟಿಯ (ನೆನೆದು ಬಸಿದ ಮೇಲೆ ಮಣ್ಣು ಹಿಡಿದಿಡುವ ನೀರಿನ) 80%, 50%, 30% ಎಂದು ಮೂರು ಮಟ್ಟ ಇಟ್ಟು, ದಿನಾ ಬೆಳಿಗ್ಗೆ ಕುಂಡ ತೂಗಿ, ಕಡಿಮೆಯಾದಷ್ಟು ನೀರನ್ನು ಮೇಲಿಂದ ಹಾಕುವುದು.

ನಮ್ಮ ಹುಲ್ಲುಗಳು ಅಂಜನ್, ಕಪ್ಪು ಅಂಜನ್, ಮತ್ತು ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೋಗನ್. ಕುಂಡದ ಬಾಯಿ 20 ಸೆಂ.ಮೀ., ಒಳಗೆ 5 ಕಿಲೊ ಒಣ ಮಣ್ಣು. ಮಣ್ಣು ಎರಡು ಬಗೆ: ಇಲ್ಲಿನ ಮಸಾರಿ (ಕೆಂಪು ಮಣ್ಣು), ಯಲಬುರ್ಗಾ ಕಡೆಯ ಎರೆ (ಕಪ್ಪು ಜೇಡಿ ಮಣ್ಣು). ನೆನೆಸಿ ಬಸಿಯಲು ಬಿಟ್ಟ ಮೇಲೆ ಮಸಾರಿ ತೂಕದ 18% ನೀರು ಹಿಡಿಯಿತು, ಎರೆ 38%.

ತಲೆ ಕೆಡಿಸಿದ್ದು ಫಲಿತಾಂಶ. ಎರೆಯಲ್ಲಿ 50% ಮಟ್ಟದ ಸಸಿಗಳೆಲ್ಲ ಎರಡು ವಾರದೊಳಗೆ ಒಣಗಿದವು. ಮಸಾರಿಯಲ್ಲಿ 30% ಮಟ್ಟದವು ಕೂಡ ಇನ್ನೂ ಹಸಿರಾಗಿವೆ. ಎರೆ ನೀರು ಹಿಡಿದಿಡುವ ಮಣ್ಣು ಅಲ್ಲವೇ? ಇನ್ನೊಂದು, ಬೇರು-ಕಾಂಡದ ತೂಕದ ಅನುಪಾತ ಏರಿದರೆ ಬರ ತಾಳುವ ಹುಲ್ಲು ಎಂದು ತೀರ್ಮಾನಿಸಬಹುದೇ? ಪರ್ವತದ ಹುಲ್ಲುಗಳಲ್ಲಿ ಕಂಡದ್ದು ನಮ್ಮ ಕಡೆಯ ಹುಲ್ಲಿಗೆ ಎಷ್ಟು ಹೊಂದುತ್ತದೆ?

ಮಣ್ಣು_ಲೆಕ್ಕ:

ಮೊದಲು ಶೇಕಡಾ ಲೆಕ್ಕ ಸರಿ ಮಾಡಿಕೊಳ್ಳಿ ಸರ್, ಅರ್ಧ ಗೊಂದಲ ಅಲ್ಲೇ ಇದೆ. ಫೀಲ್ಡ್ ಕೆಪಾಸಿಟಿಯ 50% ಎಂದರೆ ಸಸಿಗೆ ಅರ್ಧ ನೀರು ಸಿಕ್ಕಿತು ಎಂದಲ್ಲ. ಮಣ್ಣಿನ ನೀರಿನಲ್ಲಿ ಒಂದು ಪಾಲನ್ನು ಬೇರು ಎಳೆದುಕೊಳ್ಳಲು ಸಾಧ್ಯವೇ ಇಲ್ಲ. ಮಣ್ಣಿನ ನೀರು ಯಾವ ಮಟ್ಟಕ್ಕೆ ಇಳಿದರೆ ಸಸಿ ಬಾಡಿ ಮತ್ತೆ ಏಳುವುದಿಲ್ಲವೋ ಅದು ಬಾಡುವ ಬಿಂದು; ಅದರ ಕೆಳಗಿನದೆಲ್ಲ ಮಣ್ಣಿನ ಸ್ವತ್ತು. ಮಸಾರಿಗೆ ಆ ಬಿಂದು 7% ಆಸುಪಾಸು, ಎರೆಗೆ 21% ಎಂದು ಹಿಡಿಯೋಣ. ನಿಮ್ಮ ಮಣ್ಣಿಗೆ ಅಳೆದೇ ನೋಡಬೇಕು, ಕೆಳಗೆ ಹೇಳುತ್ತೇನೆ.

ಮಸಾರಿ, 5 ಕಿಲೊ: ಪೂರ್ತಿ ಹಿಡಿದಾಗ 900 ಗ್ರಾಂ ನೀರು, ಬಾಡುವ ಬಿಂದುವಿನಲ್ಲಿ 350 ಗ್ರಾಂ. ಬೇರಿಗೆ ದಕ್ಕುವುದು ನಡುವಿನ 550 ಗ್ರಾಂ. ನಿಮ್ಮ 50% ಅಂದರೆ 450 ಗ್ರಾಂ. ಅದರಲ್ಲಿ ದಕ್ಕುವುದು 100 ಗ್ರಾಂ, ಅಂದರೆ 18% ಮಾತ್ರ.

ಎರೆ, 5 ಕಿಲೊ: ಪೂರ್ತಿ ಹಿಡಿದಾಗ 1900, ಬಾಡುವ ಬಿಂದುವಿನಲ್ಲಿ 1050. ನಿಮ್ಮ 50% ಅಂದರೆ 950 ಗ್ರಾಂ. ಬಾಡುವ ಬಿಂದುವಿಗಿಂತ 100 ಗ್ರಾಂ ಕೆಳಗೇ ಇದೆ! ಸಸಿ ಸಾಯದೆ ಇನ್ನೇನು ಮಾಡೀತು. ಎರೆ ನೀರು ಹಿಡಿದಿಡುತ್ತದೆ, ನಿಜ. ಹಿಡಿದದ್ದನ್ನು ಬಿಟ್ಟುಕೊಡುವುದಿಲ್ಲ ಎಂಬುದೂ ಅಷ್ಟೇ ನಿಜ. ಪರ್ವತ ಹುಲ್ಲುಗಳ ಮಣ್ಣು ಹೆಚ್ಚಾಗಿ ಹಗುರ, ಕೊಳೆತ ಬೇರು ತುಂಬಿದ್ದು. ಅಲ್ಲಿ ಸರಿಹೋದ ಶೇಕಡಾ ಸಂಖ್ಯೆಯನ್ನು 50-60% ಜೇಡಿ ಇರುವ ಎರೆಗೆ ಹಾಗೇ ಇಡಲು ಬರುವುದಿಲ್ಲ.

ಮಟ್ಟಗಳನ್ನು ಇನ್ನು ದಕ್ಕುವ ನೀರಿನ ಮೇಲೆ ಇಡಿ. ಮಸಾರಿಯಲ್ಲಿ ಅರ್ಧ ಎಂದರೆ 350 + 275 = 625 ಗ್ರಾಂ. ಎರೆಯಲ್ಲಿ 1050 + 425 = 1475 ಗ್ರಾಂ. ಎರಡೂ ಸಸಿಗಳಿಗೆ ಸರಿಸುಮಾರು ಒಂದೇ ಮಟ್ಟದ ಕಷ್ಟ.

ಬಾಡುವ ಬಿಂದು ಅಳೆಯಲು ಪ್ರೆಷರ್ ಪ್ಲೇಟ್ (ಒತ್ತಡ ಹಾಕಿ ಮಣ್ಣಿನ ನೀರು ಹೊರತೆಗೆಯುವ ಉಪಕರಣ) ಇರುವ ಪ್ರಯೋಗಾಲಯ ಸಿಕ್ಕರೆ 1.5 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಅಳೆದುಕೊಡಲು ಕೇಳಿ. ಇಲ್ಲದಿದ್ದರೆ ಹಳೆಯ ಸೂರ್ಯಕಾಂತಿ ವಿಧಾನ ಸಾಕು: ಅರ್ಧ ಕಿಲೊ ಮಣ್ಣಿನ ಡಬ್ಬಿಯಲ್ಲಿ ಒಂದೊಂದು ಸೂರ್ಯಕಾಂತಿ ಬೆಳೆಸಿ, ಮೂರು ಜೋಡಿ ಎಲೆ ಬಂದ ಮೇಲೆ ಮಣ್ಣಿನ ಮೇಲ್ಭಾಗ ಮುಚ್ಚಿ ನೀರು ನಿಲ್ಲಿಸಿ. ಎಲೆ ಬಾಡಿದ ದಿನ ಸಂಜೆ ಒದ್ದೆ ಗೋಣಿ ಹಾಸಿದ ಕತ್ತಲ ಪೆಟ್ಟಿಗೆಯಲ್ಲಿಡಿ. ಬೆಳಿಗ್ಗೆ ಎಲೆ ಎದ್ದರೆ ಇನ್ನೊಂದು ದಿನ ಬಿಡಿ. ಏಳದಿದ್ದರೆ ಆ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಮಣ್ಣಿಗೆ ಐದು ಡಬ್ಬಿಯಾದರೂ ಬೇಕು.

ಇನ್ನೊಂದು ಅನುಮಾನ. ‘5 ಕಿಲೊ ಒಣ ಮಣ್ಣು’ ಎಂದಿದ್ದೀರಿ; ಓವನ್‌ನಲ್ಲಿ ಒಣಗಿಸಿದ್ದೋ, ನೆರಳಲ್ಲಿ ಹರಡಿದ್ದೋ? ನೆರಳಲ್ಲಿ ಒಣಗಿದ ಎರೆಯಲ್ಲಿ 7% ನೀರು ಉಳಿದಿದ್ದರೆ ನಿಜವಾದ ಮಣ್ಣು 4.67 ಕಿಲೊ ಮಾತ್ರ. 330 ಗ್ರಾಂ ಅಷ್ಟೂ ನೀರು, ಲೆಕ್ಕಕ್ಕೆ ಬಾರದ್ದು. ಮಸಾರಿಯಲ್ಲಿ ಈ ತಪ್ಪು ಸಣ್ಣದು, ಎರೆಯಲ್ಲಿ ಪ್ರಯೋಗವನ್ನೇ ಕೆಡಿಸುತ್ತದೆ.

ಬೇರು_ಬುಡ:

ಮಣ್ಣು_ಲೆಕ್ಕ ಅವರು ಹೇಳಿದ್ದೆಲ್ಲ ಸರಿ. ಆದರೆ ಅವರ ಲೆಕ್ಕದ ಪ್ರಕಾರ ಮಸಾರಿಯ 30% (270 ಗ್ರಾಂ) ಕೂಡ ಬಾಡುವ ಬಿಂದುವಿನ ಕೆಳಗೇ ಬರುತ್ತದೆ. ಅಲ್ಲಿನ ಸಸಿಗಳು ಹಸಿರಾಗಿರುವುದು ಹೇಗೆ? ಇಡೀ ಪ್ರಯೋಗದ ಗಂಟು ಇಲ್ಲಿದೆ.

ಮಣ್ಣು ಕಾಲುಭಾಗ, ಅರ್ಧಭಾಗ ಎಂದು ಸಮನಾಗಿ ನೆನೆಯುವುದಿಲ್ಲ. ಮೇಲಿನ ಪದರ ಪೂರ್ತಿ ನೆನೆದ ಮೇಲೆಯೇ ನೀರು ಕೆಳಗಿನ ಪದರಕ್ಕೆ ಇಳಿಯುತ್ತದೆ. 20 ಸೆಂ.ಮೀ. ಬಾಯಿಯ ಕುಂಡಕ್ಕೆ 60 ಗ್ರಾಂ ನೀರು ಎಂದರೆ 1.9 ಮಿ.ಮೀ. ಮಳೆಗೆ ಸಮ. ಮಸಾರಿಯಲ್ಲಿ ಅದು ಸುಮಾರು 1.1 ಸೆಂ.ಮೀ. ನೆನೆಸುತ್ತದೆ, ಎರೆಯಲ್ಲಿ ಅದಕ್ಕಿಂತಲೂ ಕಡಿಮೆ. ಉಳಿದ ಮಣ್ಣೆಲ್ಲ ಬೂದಿ. ಹಾಗಾಗಿ ನಿಮ್ಮ ‘30%’ ಕುಂಡದಲ್ಲಿ ಇರುವುದು ದಿನವೂ ಹಸಿಯಾಗುವ ಒಂದು ತೆಳು ಪದರ, ಅದರಡಿ ಒಣ ಮಣ್ಣು. ಮಸಾರಿಯ ಸಸಿ ಆ ಪದರದಲ್ಲೇ ಜೀವ ಹಿಡಿದಿದೆ. ಎರೆಯಲ್ಲಿ ಆ ಪದರ ತೆಳು, ಬಿರುಕಿನಲ್ಲಿ ಮತ್ತು ಕುಂಡದ ಅಂಚಿನಲ್ಲಿ ನೀರು ಇಳಿದುಹೋಗಿ ಸಸಿಗೆ ಅದೂ ಸಿಗುವುದಿಲ್ಲ.

ಹೊಲದಲ್ಲಿ ಆಗುವುದು ಇದಕ್ಕೆ ನೇರ ಉಲ್ಟಾ. ಮೃಗಶಿರ ಮಳೆಗೆ ಭೂಮಿ ಒಂದು ಗೇಣು ನೆನೆದು, ಆಮೇಲೆ ಎರಡು ವಾರ ಮಳೆ ಇಲ್ಲ, ಗಾಳಿ ಮಾತ್ರ. ಮೇಲಿನ 3-4 ಸೆಂ.ಮೀ. ಸುಟ್ಟ ಇಟ್ಟಿಗೆ, ಅದರ ಕೆಳಗೆ ಹದ ಇದ್ದೇ ಇದೆ. ಹುಲ್ಲಿನ ಸಸಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಯಾಕೆಂದರೆ ಹುಲ್ಲಿನ ಸಸಿಗೆ ಎರಡು ಕಂತಿನ ಬೇರು. ಮೊದಲನೆಯದು ಬೀಜದಿಂದಲೇ ಹೊರಡುವ ಮೊಳಕೆ ಬೇರು. ಅದು ನೇರ ಕೆಳಗಿಳಿಯುತ್ತದೆ, ನಿಮ್ಮ ಕುಂಡದ ತಳವನ್ನು ವಾರ-ಹತ್ತು ದಿನದಲ್ಲಿ ಮುಟ್ಟಬಹುದು. ಎರಡನೆಯದು ಕಾಂಡದ ಬುಡದ ಗಿಣ್ಣಿನಿಂದ ಬರುವ ದಪ್ಪ ಬುಡದ ಬೇರುಗಳು. ಮುಂದೆ ಗಿಡವನ್ನು ನಿಲ್ಲಿಸುವುದು, ತೆಂಡೆ (ಬುಡದಿಂದ ಹೊಸ ಕವಲು) ಒಡೆಸುವುದು ಇವೇ. ಅಂಜನ್, ಹೆಟೆರೊಪೋಗನ್, ಜೋಳ, ಸಜ್ಜೆ ಇವುಗಳಲ್ಲಿ ಬೀಜಕ್ಕೂ ಬುಡದ ಗಿಣ್ಣಿಗೂ ನಡುವಿನ ಮೀಸೊಕಾಟಿಲ್ ಎಂಬ ದಾರದಂಥ ಭಾಗ ಉದ್ದವಾಗಿ ಬೆಳೆದು, ಗಿಣ್ಣನ್ನು ನೆಲದ ಹತ್ತಿರಕ್ಕೆ ಎತ್ತಿ ಇಡುತ್ತದೆ. ಬೀಜ ಎಷ್ಟು ಆಳಕ್ಕೆ ಹಾಕಿದರೂ ಗಿಣ್ಣು ನಿಲ್ಲುವುದು ಮೇಲಿನ ಒಣ ಪದರದಲ್ಲೇ. ಅಲ್ಲಿ ಎರಡು ಮೂರು ದಿನ ಸತತ ಹಸಿ ಇಲ್ಲದಿದ್ದರೆ ಬುಡದ ಬೇರು ಹೊರಡುವುದಿಲ್ಲ, ಹೊರಟದ್ದೂ ಮೊಂಡಾಗಿ ನಿಲ್ಲುತ್ತದೆ. ಕೆಳಗೆ ನೀರಿದ್ದರೂ ಒಂಟಿ ಮೊಳಕೆ ಬೇರು, ಆ ದಾರದಂಥ ಮೀಸೊಕಾಟಿಲ್ ಮೂಲಕ, ನಾಲ್ಕೈದು ಎಲೆಗೆ ಬೇಕಾದ ನೀರು ಎತ್ತಿಕೊಡಲಾರದು. ಅಮೆರಿಕದ ಕೊಲರಾಡೊ ಒಣ ಹುಲ್ಲುಗಾವಲಿನ ಬೌಟೆಲೂವ ಎಂಬ ಹುಲ್ಲಿನ ಸಸಿಗಳು ಆರರಿಂದ ಹತ್ತು ವಾರ ಬದುಕಿ ಆಮೇಲೆ ಸಾಯುವುದಕ್ಕೆ ಕಾರಣ ಇದೇ ಎಂದು 1970ರ ದಶಕದಲ್ಲೇ ತೋರಿಸಿದ್ದಾರೆ.

ಪೋವಾ, ಫೆಸ್ಟುಕದಂಥ ತಂಪು ನಾಡಿನ ಹುಲ್ಲಿನಲ್ಲಿ ಮೀಸೊಕಾಟಿಲ್ ಬೆಳೆಯುವುದಿಲ್ಲ. ಮೊಳಕೆಯ ಮುಸುಕು ಮಾತ್ರ ಉದ್ದವಾಗುತ್ತದೆ, ಗಿಣ್ಣು ಹೆಚ್ಚುಕಡಿಮೆ ಬೀಜದ ಮಟ್ಟದಲ್ಲೇ ಉಳಿಯುತ್ತದೆ. ಬೀಜ 2 ಸೆಂ.ಮೀ. ಆಳದಲ್ಲಿದ್ದರೆ ಬುಡದ ಬೇರೂ ಆ ಆಳದಿಂದಲೇ. ಜೊತೆಗೆ ಅಲ್ಲಿನ ಗಾಳಿಯ ಬಾಯಾರಿಕೆಯೇ ಬೇರೆ. 12 ಡಿಗ್ರಿ, 60% ಆರ್ದ್ರತೆಯಲ್ಲಿ ಗಾಳಿಯ ಆವಿಯ ಕೊರತೆ 0.56 ಕಿಲೊಪ್ಯಾಸ್ಕಲ್, ನಮ್ಮ 35 ಡಿಗ್ರಿ, 40%ನಲ್ಲಿ 3.4. ಆರು ಪಟ್ಟು. ಅಲ್ಲಿ ಹಿಮ ಕರಗಿದ ನೀರು ಶುರುವಿಗೆ ಸಿಗುತ್ತದೆ, ಬೆಳೆಯಲು ಮೂರು ನಾಲ್ಕು ತಿಂಗಳು ಮಾತ್ರ ಕಾಲ, ಮಣ್ಣಿನೊಳಗೆ ಮಂಜಿನ ಸೂಜಿ ಎದ್ದು ಸಸಿಯನ್ನು ಬೇರುಸಹಿತ ಮೇಲೆತ್ತುವುದೂ ಉಂಟು. ಕಷ್ಟಗಳ ಪಟ್ಟಿಯೇ ಬೇರೆ.

ಎರಡೂ ಕಡೆ ಒಂದೇ ಆಗಿರುವುದು ಸಸಿ ಪ್ರತಿಕ್ರಿಯಿಸುವ ಕ್ರಮ. ಮೊದಲು ನಿಲ್ಲುವುದು ಎಲೆಯ ಬೆಳವಣಿಗೆ, ಬಾಡುವಿಕೆ ಕಣ್ಣಿಗೆ ಕಾಣುವ ಎಷ್ಟೋ ಮೊದಲು. ಆಮೇಲೆ ಪತ್ರರಂಧ್ರ ಮುಚ್ಚುತ್ತದೆ, ಎಲೆ ಸುರುಳಿಯಾಗುತ್ತದೆ, ಕೊನೆಗೆ ಹಳೆ ಎಲೆ ತುದಿಯಿಂದ ಒಣಗುತ್ತದೆ. ಎಲೆ ಬೆಳೆಯದೆ ಉಳಿದ ಸಕ್ಕರೆ ಬೇರಿಗೆ ಹೋಗುವುದರಿಂದ ಬೇರು-ಕಾಂಡದ ಅನುಪಾತ ಏರುತ್ತದೆ. ಆದರೆ ಸಣ್ಣ ಸಸಿಗೂ ದೊಡ್ಡ ಸಸಿಗೂ ಆ ಅನುಪಾತ ಹೇಗೂ ಬೇರೆಯೇ ಇರುತ್ತದೆ. ನೀರಿಲ್ಲದೆ ಕುಗ್ಗಿದ ಇಪ್ಪತ್ತೈದು ದಿನದ ಸಸಿಯನ್ನು ಸೊಂಪಾಗಿ ಬೆಳೆದ ಇಪ್ಪತ್ತೈದು ದಿನದ ಸಸಿಗೆ ಹೋಲಿಸಿದರೆ ನೀವು ಅಳೆದದ್ದು ಬರವನ್ನೋ ಗಾತ್ರವನ್ನೋ ಗೊತ್ತಾಗುವುದಿಲ್ಲ. ಬೇರೆ ಬೇರೆ ವಯಸ್ಸಿನಲ್ಲಿ ನಾಲ್ಕು ಸಲ ಕಿತ್ತು, ಬೇರಿನ ತೂಕ ಮತ್ತು ಕಾಂಡದ ತೂಕ ಎರಡನ್ನೂ ಲಾಗ್ ಪ್ರಮಾಣದಲ್ಲಿ ಗೆರೆ ಹಾಕಿ. ಬರದ ಸಸಿಗಳು ಅದೇ ಗೆರೆಯ ಮೇಲೆ ಬಿದ್ದರೆ ಅವು ಬರೀ ಸಣ್ಣ ಸಸಿಗಳು. ಗೆರೆ ಬಿಟ್ಟು ಮೇಲೆ ಹೋದರೆ ಆಗ ಸಸಿ ನಿಜವಾಗಿ ಬೇರಿಗೆ ಹೆಚ್ಚು ಹಾಕಿದೆ ಎಂದು ಹೇಳಬಹುದು.

ನಿಮಗೆ ಬೇಕಾದ ಅಳತೆ ಇದಕ್ಕಿಂತ ಸುಲಭ: ಒಂದೊಂದು ಸಸಿಯಲ್ಲಿ 2 ಸೆಂ.ಮೀ.ಗಿಂತ ಉದ್ದದ ಬುಡದ ಬೇರು ಎಷ್ಟು? ಎಣಿಸಿ ಬರೆದಿಡಿ.

ಗೋಮಾಳ_ಕೊಪ್ಪಳ:

ಇಬ್ಬರಿಗೂ ಧನ್ಯವಾದ. ಮಣ್ಣು ನೆರಳಲ್ಲಿ ಒಣಗಿಸಿದ್ದೇ, ತಪ್ಪು ಒಪ್ಪಿಕೊಂಡೆ. ಹಾಗಾದರೆ ಮೇಲೆ ಒಣ, ಕೆಳಗೆ ಹಸಿ ಎಂಬ ಸ್ಥಿತಿಯನ್ನು ಕುಂಡದಲ್ಲಿ ತರುವುದು ಹೇಗೆ? ಮತ್ತೆ ಬೀಜ ಮೊಳೆಯುವ ಹಂತಕ್ಕೆ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್, ನೀರನ್ನು ಬಿಗಿ ಹಿಡಿದು ಬೀಜಕ್ಕೆ ಬರದ ಸ್ಥಿತಿ ತರುವ ರಾಸಾಯನಿಕ) ದ್ರಾವಣ ಬಳಸಬೇಕೆಂದಿದ್ದೇವೆ, ಅದು ಸರಿಯೇ?

ಮಣ್ಣು_ಲೆಕ್ಕ:

ಕುಂಡ ಬಿಟ್ಟು ಪೈಪಿಗೆ ಹೋಗಿ. 110 ಮಿ.ಮೀ. ಪಿವಿಸಿ ಪೈಪನ್ನು 60 ಸೆಂ.ಮೀ. ತುಂಡು ಮಾಡಿ, ಉದ್ದಕ್ಕೆ ಸೀಳಿ, ಎರಡು ಹೋಳನ್ನು ಟೇಪು ಸುತ್ತಿ ಮತ್ತೆ ಸೇರಿಸಿ. ಕೊನೆಗೆ ಟೇಪು ಬಿಚ್ಚಿದರೆ ಬೇರು ಹರಿಯದೆ ಹೊರಬರುತ್ತದೆ. ತಳಕ್ಕೆ ಸೊಳ್ಳೆ ಪರದೆಯ ಜಾಲರಿ ಎರಡು ಮಡಿಕೆ. ತಳದಲ್ಲಿ ಜಲ್ಲಿ ಹಾಕಬೇಡಿ. ನೀರು ಬೇಗ ಬಸಿಯುತ್ತದೆ ಎಂದು ಹಾಕುತ್ತಾರೆ, ಆಗುವುದು ಉಲ್ಟಾ, ಜಲ್ಲಿಯ ಮೇಲಿನ ಮಣ್ಣು ಒದ್ದೆಯಾಗಿಯೇ ನಿಲ್ಲುತ್ತದೆ. 55 ಸೆಂ.ಮೀ. ತುಂಬಿದರೆ ಮಸಾರಿ ಸುಮಾರು 6.3 ಕಿಲೊ ಹಿಡಿಯುತ್ತದೆ. ಒಂದೇ ಸಲ ಸುರಿಯದೆ 10 ಸೆಂ.ಮೀ. ಹಾಕಿ, ನೆಲಕ್ಕೆ ಮೂರು ಸಲ ಕುಟ್ಟಿ, ಮತ್ತೆ ಹಾಕಿ. ಎಲ್ಲ ಪೈಪಿಗೂ ಒಂದೇ ತೂಕ, ಒಂದೇ ಎತ್ತರ ಬರಬೇಕು. ಎರೆಯನ್ನು 4 ಮಿ.ಮೀ. ಜರಡಿ ಹಿಡಿಯದೆ ತುಂಬಿದರೆ ಹೆಂಟೆಯ ನಡುವೆ ಟೊಳ್ಳು ಉಳಿಯುತ್ತದೆ.

ಮೇಲಿಂದ 25 ಸೆಂ.ಮೀ. ಕೆಳಗೆ ಪೈಪಿಗೆ ಒಂದು ತೂತು ಕೊರೆದು ಸಲೈನ್ ಪೈಪಿನ ತುಂಡು ತೂರಿಸಿ. ಕೆಳಗಿನ ನೀರು ಅಲ್ಲಿಂದ. ನಾಲ್ಕು ಗುಂಪು ಮಾಡಿ: ಮೇಲೆ-ಕೆಳಗೆ ಎರಡೂ ಹಸಿ, ಮೇಲೆ ಮಾತ್ರ, ಕೆಳಗೆ ಮಾತ್ರ, ಎರಡೂ ಇಲ್ಲ. ಒಂದೊಂದು ಗುಂಪಿಗೆ ಹುಲ್ಲಿಗೆ ಎಂಟು ಪೈಪು. ಸಸಿ ಎದ್ದ ಮೊದಲ ಹತ್ತು ದಿನ ಎಲ್ಲಕ್ಕೂ ಸಮ ನೀರು, ಹನ್ನೊಂದನೇ ದಿನದಿಂದ ಗುಂಪಿನ ಪ್ರಕಾರ. 10, 15, 20, 25ನೇ ದಿನ ಎರಡೆರಡು ಪೈಪು ಬಿಚ್ಚಿ. ಸಸಿ ಇಲ್ಲದ ಬರಿ ಪೈಪು ಗುಂಪಿಗೆ ಎರಡು ಕಡ್ಡಾಯ. ಈ ವಯಸ್ಸಿನಲ್ಲಿ ಕಳೆದುಹೋಗುವ ನೀರಿನಲ್ಲಿ ಹೆಚ್ಚಿನ ಪಾಲು ಮಣ್ಣಿನಿಂದ ಆರಿದ್ದು, ಸಸಿ ಕುಡಿದದ್ದಲ್ಲ. ಬರಿ ಪೈಪು ಇಲ್ಲದೆ ಅದನ್ನು ಬೇರ್ಪಡಿಸಲಾಗದು.

ತಕ್ಕಡಿ 10 ಕಿಲೊವರೆಗೆ, 1 ಗ್ರಾಂ ನಿಖರತೆ ಸಾಕು. ಪೈಪನ್ನು ಬಿಸಿಲಲ್ಲಿ ಹಾಗೇ ನಿಲ್ಲಿಸಿದರೆ ಬೇರು ಬೇಯುತ್ತದೆ. ಒಂದು ಗುಂಡಿ ತೋಡಿ ಅದರಲ್ಲಿ ಇಳಿಸಿ ನಿಲ್ಲಿಸಿ, ಇಲ್ಲವೇ ಸುಣ್ಣ ಬಳಿದು ಗೋಣಿ ಸುತ್ತಿ.

ಎಲೆಯ ನೀರಿನ ಅಳತೆಗೆ: ಎಲೆ ತುಂಡು ಕಿತ್ತ ಕೂಡಲೇ ತೂಗಿ, ನೀರಿನ ಮೇಲೆ ನೆರಳಲ್ಲಿ 4 ಗಂಟೆ ತೇಲಿಬಿಟ್ಟು, ಒರೆಸಿ ತೂಗಿ, 70 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಹಸಿ ತೂಕದಿಂದ ಒಣ ತೂಕ ಕಳೆದದ್ದನ್ನು, ತುಂಬಿದ ತೂಕದಿಂದ ಒಣ ತೂಕ ಕಳೆದದ್ದರಿಂದ ಭಾಗಿಸಿ ನೂರರಿಂದ ಗುಣಿಸಿ. ರಾತ್ರಿಯಿಡೀ ತೇಲಿಬಿಟ್ಟರೆ ಎಳೆ ಎಲೆ ಅಲ್ಲೇ ಬೆಳೆದು ಅಂಕಿ ಕೆಡುತ್ತದೆ.

ಪಿಇಜಿ 6000 ಮೊಳಕೆ ಹಂತಕ್ಕೆ ನಡೆಯುತ್ತದೆ, ಆದರೆ ಉಷ್ಣತೆ ಬರೆದಿಡಿ. ಕಿಲೊ ನೀರಿಗೆ 200 ಗ್ರಾಂ ಕರಗಿಸಿದರೆ 25 ಡಿಗ್ರಿಯಲ್ಲಿ ಮೈನಸ್ 0.49 ಮೆಗಾಪ್ಯಾಸ್ಕಲ್, ಅದೇ ದ್ರಾವಣ 35 ಡಿಗ್ರಿಯಲ್ಲಿ ಮೈನಸ್ 0.40 (ಮೈನಸ್ ಅಂಕಿ ದೊಡ್ಡದಾದಷ್ಟು ಬೀಜಕ್ಕೆ ನೀರು ಎಳೆಯುವುದು ಕಷ್ಟ). ಏಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನದ ಬರ ಬೇರೆ, ರಾತ್ರಿಯ ಬರ ಬೇರೆ. ಫಿಲ್ಟರ್ ಕಾಗದ ನೀರನ್ನು ಹೀರಿ ಪಿಇಜಿಯನ್ನು ಹೊರಗೆ ಬಿಡುವುದರಿಂದ, ತಟ್ಟೆಗೆ ದ್ರಾವಣ ಧಾರಾಳ ಹಾಕಿ, ಎರಡು ದಿನಕ್ಕೊಮ್ಮೆ ಬದಲಿಸಿ. ಸಸಿ ಹಂತಕ್ಕೆ ಪಿಇಜಿ ಬೇಡ.

ಕೂರಿಗೆ_ಕುಷ್ಟಗಿ:

ಪೈಪಿನ ಲೆಕ್ಕ ಚಲೋ ಐತ್ರಿ. ಗೋಮಾಳಕ್ಕ ಅದರಿಂದ ಏನು ತಗೋಬೇಕು ಅನ್ನೋದು ಒಂದೆರಡು ಮಾತು ಹೇಳ್ತೀನಿ.

ಬೇರು_ಬುಡ ಅವರು ಹೇಳಿದ್ದು ಸಜ್ಜಿ ಹೊಲದಾಗ ದಿನಾ ಕಾಣ್ತದ. ಸಜ್ಜಿ ಇಪ್ಪತ್ತು ದಿನದ್ದಾದಾಗ ಎಡೆಕುಂಟಿ ಹೊಡೀತೀವಿ. ಕಳೆ ಹೋಗ್ತದ, ಅದರ ಜೋಡಿ ಬುಡಕ್ಕ ಮಣ್ಣು ಏರ್ತದ, ಗಿಣ್ಣು ಹಸಿ ಮಣ್ಣಾಗ ಮುಚ್ಚಿಕೊಳ್ತದ. ಹುಲ್ಲಿಗೂ ಅದೇ ಹಿಕಮತ್ತು ಬೇಕು. ಆಳಕ್ಕ ಬಿತ್ತಿದ್ರ ಉಪಯೋಗ ಇಲ್ಲ. ಅಂಜನ್ ಬೀಜ 1 ಸೆಂ.ಮೀ. ದಾಟಿಸಿದ್ರ ಮ್ಯಾಲ ಬರೋದೇ ಕಷ್ಟ. ಬೀಜ ಆಳಕ್ಕ ಬ್ಯಾಡ, ಸಾಲು ಆಳಕ್ಕ ಇರಲಿ. ಇಳಿಜಾರಿಗೆ ಅಡ್ಡ 10 ಸೆಂ.ಮೀ. ಆಳದ ಸಾಲು ಹೊಡೆದು, ಸಾಲಿನ ತಳದಾಗ ಬೀಜ ಉದುರಿಸಿ, ಕೈಬೆರಳಿನಿಂದ ಮಣ್ಣು ಎಳೀರಿ ಸಾಕು. ಮುಂದ ಮಳಿ ಬಂದಾಗ ಸಾಲಿನ ಅಂಚು ಕುಸಿದು ತಾನಾಗೇ ಬುಡ ಮುಚ್ಚತದ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಎಕರೆಗೆ 2 ಕಿಲೊ ಬೀಜ.

ಅಂಜನ್ ಬೀಜ ಹತ್ತಿಯಂಗ ಹಾರ್ತದ. ಕಿಲೊ ಬೀಜಕ್ಕ ಜರಡಿ ಹಿಡಿದ ಜೇಡಿ 3 ಕಿಲೊ, ಒಣ ಸೆಗಣಿ ಪುಡಿ 1 ಕಿಲೊ, ಮರಳು 1 ಕಿಲೊ ಕಲಿಸಿ, ನೀರು ಚಿಮುಕಿಸಿ, ಕಡಲಿಕಾಳಿನಷ್ಟು ಉಂಡಿ ಮಾಡಿ ನೆರಳಾಗ ಒಣಗಿಸ್ರಿ. ಉಂಡಿ ದಪ್ಪ ಆದ್ರ ಒಳಗಿನ ಬೀಜ ಉಸಿರುಕಟ್ಟಿ ಕೊಳೀತದ.

ಯಾವಾಗ ಬಿತ್ತಬೇಕು? ಎಲ್ಲರೂ ಮಿರಗದಾಗ (ಮೃಗಶಿರ ಮಳಿಗೆ, ಜೂನ್‌ದಾಗ) ಬಿತ್ತತಾರ. ನನ್ನ ಅಭಿಪ್ರಾಯ ಬ್ಯಾರೆ. ನಮ್ಮ ಕಡೆ ಜುಲೈನಾಗ ಮಳಿ ಕೈಕೊಡೋದು ಹೆಚ್ಚು, ಭರ್ತಿ ಮಳಿ ಸೆಪ್ಟೆಂಬರ್‌ದಾಗ. ಮಿರಗದ ಸಸಿಗೆ ಬುಡದ ಬೇರು ಬರೋ ಹೊತ್ತಿಗೆ ಸರಿಯಾಗಿ ಆ ಒಣ ಹೊತ್ತು ಬರ್ತದ. ಪುಷ್ಯ, ಆಶ್ಲೇಷ ಮಳಿಗೆ ಬಿತ್ತಿದ್ರ ಎರಡನೇ ಮೂರನೇ ವಾರದ ಸಸಿಗೆ ಮಘಾ, ಹುಬ್ಬಿ ಸಿಗ್ತಾವ, ಉತ್ತರಿಗೆ ತೆಂಡಿ ಒಡೀತದ.

ಬೇರು_ಬುಡ:

ಕೂರಿಗೆ ಅವರ ತರ್ಕ ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಆಶ್ಲೇಷದಲ್ಲಿ ಬಿತ್ತಿದ ಹುಲ್ಲಿಗೆ ನವೆಂಬರ್‌ಗೆ ಮೂರೇ ತಿಂಗಳು. ಅಷ್ಟರಲ್ಲಿ ಬುಡ ಎಷ್ಟು ದಪ್ಪ ಆಗಿದೆಯೋ ಅಷ್ಟರ ಮೇಲೆ ಮೇ ತಿಂಗಳವರೆಗೆ ನಿಲ್ಲಬೇಕು. ಮಸಾರಿಯಲ್ಲಿ ಗರಸು (ಗಟ್ಟಿ ಕಲ್ಲು ಮಿಶ್ರಿತ ಮಣ್ಣು) ಒಂದು ಅಡಿಗೇ ಸಿಗುವ ಕಡೆ ಇದು ಸಣ್ಣ ಅಪಾಯವಲ್ಲ. ಅಲ್ಲಿ ಅರ್ಧ ಜಾಗಕ್ಕೆ ಆರಿದ್ರೆಗೆ, ಅರ್ಧಕ್ಕೆ ಪುಷ್ಯಕ್ಕೆ ಬಿತ್ತುವುದು ಮೇಲು. ಎರೆಯಲ್ಲಿ ತಡ ಬಿತ್ತನೆಯೇ ಸರಿ, ಕೆಳಗೆ ಹಸಿ ಉಳಿಯುತ್ತದೆ.

ಕೂರಿಗೆ_ಕುಷ್ಟಗಿ:

ಗರಸು ಭೂಮಿಗೆ ನೀವು ಹೇಳಿದ್ದು ಖರೇ ಐತಿ. ಒಂದು ಸೇರಿಸ್ತೀನಿ: ಕಾಯಿ ಉದುರಿಸಿದ ಬಳ್ಳಾರಿ ಜಾಲಿ ಕೊಂಬಿ ಸಾಲಿನ ಮ್ಯಾಲ ತೆಳ್ಳಗ ಹರಡ್ರಿ. ದನ, ಕುರಿ ಬಾಯಿ ಹಾಕಂಗಿಲ್ಲ, ಮ್ಯಾಲಿನ ಮಣ್ಣು ಒಂದೆರಡು ದಿನ ಹೆಚ್ಚು ಹಸಿ ಇರ್ತದ. ಸಸಿಗೆ ಬೇಕಾಗಿದ್ದು ಆ ಒಂದೆರಡು ದಿನಾನೇ. ಕಾಯಿ ಉಳಿದ್ರ ಮಾತ್ರ ಹುಲ್ಲಿನ ಬದಲಿ ಜಾಲಿ ಬೆಳೀತದ, ನೋಡ್ಕೊಳ್ರಿ.

ಗೋಮಾಳ_ಕೊಪ್ಪಳ:

ಪೈಪು ತರಿಸುತ್ತಿದ್ದೇವೆ. ಕೊನೆಯ ಪ್ರಶ್ನೆ: ಅಂಜನ್ ಬೀಜದಲ್ಲಿ ನೂರಕ್ಕೆ ಹತ್ತೂ ಮೊಳೆಯುತ್ತಿಲ್ಲ. ನೀರು ಪೂರ್ತಿ ಇರುವ ತಟ್ಟೆಯಲ್ಲೂ ಇದೇ ಕಥೆ. ಬೀಜ ಈ ಡಿಸೆಂಬರ್‌ನಲ್ಲಿ ಕೊಯ್ದದ್ದು.

ಬೇರು_ಬುಡ:

ಹೊಸ ಅಂಜನ್ ಬೀಜ ಮಲಗಿರುತ್ತದೆ, ಕೆಟ್ಟಿಲ್ಲ. ಕೊಯ್ದು ಆರು ತಿಂಗಳಿಂದ ಒಂದು ವರ್ಷ ಒಣ ಜಾಗದಲ್ಲಿ ಬಟ್ಟೆ ಚೀಲದಲ್ಲಿಟ್ಟ ಬೀಜ ಬಳಸಿ. ಈಗಲೇ ಬೇಕಿದ್ದರೆ ಸಿಪ್ಪೆ ಉಜ್ಜಿ ಒಳಗಿನ ಕಾಳು ಮಾತ್ರ ತೆಗೆದು ತಟ್ಟೆಯಲ್ಲಿಡಿ, ಮೊಳಕೆ ಏರುತ್ತದೆ. ಎಷ್ಟೋ ಚಿಪ್ಪು ಬರಿ ಪೊಳ್ಳಾಗಿರುವುದೂ ಆಗಲೇ ಗೊತ್ತಾಗುತ್ತದೆ. ಪೈಪಿಗೆ ಬೀಜವನ್ನು ನೇರ ಹಾಕಬೇಡಿ. ತಟ್ಟೆಯಲ್ಲಿ ಒಂದೇ ದಿನ ಮೊಳೆತವನ್ನು ಆರಿಸಿ, ಮೊಳಕೆ ಬೇರು 5 ಮಿ.ಮೀ. ದಾಟುವ ಮುಂಚೆ ಪೈಪಿಗೆ ಮೂರರಂತೆ ಇಡಿ. ವಾರದ ನಂತರ ಒಂದನ್ನು ಉಳಿಸಿ, ಉಳಿದೆರಡನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿದ ಸಸಿಯ ಬೇರೂ ಅಲುಗಿ ಹೋಗುತ್ತದೆ.